ಗಿರಣಿಯ ಮುಂದೆ ಕುಳಿತದ್ದು



ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೆಳೆಯರೆಲ್ಲ ಹುಬ್ಬಳ್ಳಿಯ ಕಾರ್ಖಾನೆಗಳನ್ನು ಹುಡುಕಿಕೊಂಡರು. ನಾನು ಊರಿಗೆ ಬಂದು, ಭತ್ತದ ಗಿರಣಿಯ ಮುಂದೆ ವಾಚು, ನೋಟ್‌ಬುಕ್ ಹಿಡಿದು ಕುಳಿತೆ. ಭತ್ತ ಹಾಕಿಸಲು ಹೋದ ದಿನ ಅವ್ವನ ಕೂಲಿ ತಪ್ಪುತ್ತಿತ್ತು. ಅದಕ್ಕೇ ಆ ವಿಷಯ.

“ಕರೆಂಟ್ ಸರಿ ಇದ್ರ ಎಲ್ಲಾ ಸರಿ ಆಕ್ಕೈತಿ ತಮ್ಮಾ” ಎಂದರು ಗಿರಣಿಯವರು. ನಾನೂ ಹಾಗೇ ನಂಬಿದ್ದೆ. ಬರೆದಿಟ್ಟ ಲೆಕ್ಕ ಬೇರೆ ಹೇಳಿತು. ಕರೆಂಟ್ ಬಂದ ಮೇಲೂ ಯಂತ್ರದಲ್ಲಿ ಸಿಕ್ಕಿಕೊಂಡ ಭತ್ತ ತೆಗೆಯಬೇಕು. ಅಷ್ಟರಲ್ಲಿ ಯಾರ ಚೀಲ ಮೊದಲು ಎಂಬ ಜಗಳ. (ನಮ್ಮೂರಿನ ಜಗಳ ಬೇಗ ಮುಗಿಯುವುದಲ್ಲ, ನಿಮಗೆ ಗೊತ್ತು.)

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ. ಸರಾಸರಿ ತಾಸಿಗೆ 6 ಜನ ಬರುವ ಕಡೆ ಯಾವಾಗಲೂ 12 ಜನ ಇದ್ದರೆ, ಒಬ್ಬೊಬ್ಬರಿಗೆ 2 ತಾಸು ಹಿಡಿಯುತ್ತದೆ. ಕರೆಂಟ್ ತರುವುದು ನನ್ನ ಕೈಯಲ್ಲಿರಲಿಲ್ಲ. ಚೀಲಗಳ ಮೇಲೆ ಸೀಮೆಸುಣ್ಣದಿಂದ ನಂಬರ್ ಬರೆದೆವು, ಅಷ್ಟೇ. ಚೀಲ ಕಾಯಲಿ, ಜನ ಯಾಕೆ ಕಾಯಬೇಕು?

“ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?” ಎಂದು ಪರೀಕ್ಷಕರು ಕೇಳಿದರು. ಅಂಕವೂ ಕಡಿಮೆಯೇ ಬಂತು. ಈಗ ಬೆಂಗಳೂರಿನಲ್ಲಿ ಸರ್ವರ್ ನಿಂತು ಮತ್ತೆ ಶುರುವಾದಾಗ, ಬಾಕಿ ಕೆಲಸವೆಲ್ಲ ಒಮ್ಮೆಲೇ ನುಗ್ಗದಂತೆ ಸಾಲು ಹಚ್ಚುವುದೇ ನನ್ನ ನೌಕರಿ.

ಅವ್ವ ಮಾತ್ರ ಆ ಸಲ ಚೀಲಕ್ಕೆ ನಂಬರ್ ಹಾಕಿಸಿ, ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗಿದ್ದಳು.