ಪಡಿತರ ಚೀಟಿಗೆ ದಕ್ಕುವುದೇನು, ದಕ್ಕದಿರುವುದೇನು?



ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವವರ ಕುರಿತು ನಮ್ಮ ಸಮಾಜದಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ. ಪುಕ್ಕಟೆ ಅಕ್ಕಿ ಕೊಟ್ಟು ಸರಕಾರವು ಜನರನ್ನು ಸೋಮಾರಿಗಳನ್ನಾಗಿಸಿದೆ ಎಂಬುದು ಒಂದು. ಪಡೆದ ಅಕ್ಕಿಯನ್ನು ಇವರು ಮಾರಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಹೀಗೆ ಹೇಳುವವರು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಆ ಚೀಟಿಯಿಂದ ಒಂದು ಕುಟುಂಬಕ್ಕೆ ನಿಜವಾಗಿ ದಕ್ಕುವುದೇನು, ದಕ್ಕದಿರುವುದೇನು? ಇಂದು ನಾವು ಚರ್ಚಿಸಬೇಕಾದುದು ಇದನ್ನೇ.

ಮೊದಲನೆಯದಾಗಿ, ಇದು ಭಿಕ್ಷೆಯಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಮತ್ತು ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವನ್ನು ಹಕ್ಕಾಗಿ ನೀಡಿದೆ. 2023ರ ಜನವರಿಯಿಂದ ಕೇಂದ್ರ ಸರಕಾರವು ಈ ಧಾನ್ಯಕ್ಕೆ ಬೆಲೆ ಪಡೆಯುವುದನ್ನೂ ನಿಲ್ಲಿಸಿತು. ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆಯೆಂದು ನಮೂದಾಗಬೇಕಾದವಳು 18 ವರ್ಷ ದಾಟಿದ, ಮನೆಯ ಹಿರಿಯ ಮಹಿಳೆ ಎಂದು ಅದೇ ಕಾಯ್ದೆ ಹೇಳುತ್ತದೆ.

ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. 2023ರಲ್ಲಿ ರಾಜ್ಯವು ತಲಾ 5 ಕಿಲೋ ಹೆಚ್ಚುವರಿ ಅಕ್ಕಿ ನೀಡಲು ಹೊರಟಾಗ ಕೇಂದ್ರದ ದಾಸ್ತಾನಿನಿಂದ ಅಕ್ಕಿ ಸಿಗಲಿಲ್ಲ. ಆಗ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. ಅಕ್ಕಿ ಸಾಕಷ್ಟಿದ್ದ ಮನೆಯವರು ಆ ಹಣದಲ್ಲಿ ಬೇಳೆ ಕೊಂಡರು, ಎಣ್ಣೆ ಕೊಂಡರು. ಆದರೆ ಖಾತೆಗೆ ಆಧಾರ್ ಜೋಡಣೆಯಾಗದವರಿಗೆ ಹಣ ತಲುಪಲಿಲ್ಲ. ತಲುಪಿದವರಿಗೂ ಎಷ್ಟೋ ಬಾರಿ ತಿಂಗಳುಗಟ್ಟಲೆ ತಡವಾಯಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯೇ ಬಂತು. ತಲಾ 10 ಕಿಲೋ.

ಈಗ ಲೆಕ್ಕ ಹಾಕೋಣ. ತಿಂಗಳಿಗೆ 10 ಕಿಲೋ ಎಂದರೆ ಒಬ್ಬರಿಗೆ ದಿನಕ್ಕೆ ಸುಮಾರು 333 ಗ್ರಾಂ ಅಕ್ಕಿ. ಹೊಟ್ಟೆ ತುಂಬುವ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ; ಹಸಿದು ಮಲಗುವುದರ ಕಷ್ಟ ಅರಿತವರು ಇದನ್ನು ಹಗುರವಾಗಿ ಕಾಣಲಾರರು. ಆದರೆ 100 ಗ್ರಾಂ ಅಕ್ಕಿಯಲ್ಲಿರುವ ಪ್ರೋಟೀನು ಸುಮಾರು 7 ಗ್ರಾಂ, ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶವಂತೂ ತೀರಾ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆಯಿತ್ತು. ತಟ್ಟೆಯ ತುಂಬ ಅನ್ನವಿದ್ದೂ ಮೈಯಲ್ಲಿ ರಕ್ತವಿಲ್ಲವೆಂದರೆ ಕೊರತೆ ಎಲ್ಲಿದೆಯೆಂದು ಬಿಡಿಸಿ ಹೇಳಬೇಕೇ?

ಬೇರೆ ದೇಶಗಳಲ್ಲಿ ಇಂತಹ ನೆರವು ಹೇಗಿದೆಯೆಂದು ನೋಡುವುದೂ ಉಪಯುಕ್ತ. ಅಮೆರಿಕದಲ್ಲಿ 1964ರ ಫುಡ್ ಸ್ಟ್ಯಾಂಪ್ ಕಾಯ್ದೆಯಿಂದ ಬೆಳೆದು ಬಂದು, 2008ರಲ್ಲಿ ಸ್ನ್ಯಾಪ್ ಎಂಬ ಹೆಸರು ಪಡೆದ ಯೋಜನೆಯಿದೆ. ಅಲ್ಲಿ ಬಡವನ ಕೈಗೆ ಬರುವುದು ಅಕ್ಕಿಯ ಮೂಟೆಯಲ್ಲ, ಒಂದು ಕಾರ್ಡು. ಅದರಿಂದ ಬ್ರೆಡ್, ಹಾಲು, ಮಾಂಸ, ತರಕಾರಿ ಕೊಳ್ಳಬಹುದು. ಮನೆಯಲ್ಲಿ ತರಕಾರಿ ಬೆಳೆಯಲು ಬೀಜವನ್ನೂ ಕೊಳ್ಳಬಹುದು. ಮದ್ಯ, ತಂಬಾಕು, ಔಷಧಿ, ಸಾಬೂನು ಕೊಳ್ಳುವಂತಿಲ್ಲ. ಅಂಗಡಿಯ ಬಿಸಿ ಅಡುಗೆಯನ್ನೂ ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ತಂಪು ಪಾನೀಯ, ಮಿಠಾಯಿಗಳನ್ನೂ ನಿರ್ಬಂಧಿಸಲು 2025ರಲ್ಲಿ ಹಲವು ರಾಜ್ಯಗಳು ಅನುಮತಿ ಪಡೆದವು. ಬಡವನು ಏನನ್ನು ಆರಿಸಿಕೊಳ್ಳಬಹುದು ಎಂಬುದು ಅಲ್ಲಿನ ವಾದ. ನಮ್ಮಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಂಗಡಿಯವನು ತೂಗಿ ಕೊಟ್ಟದ್ದು ಅಕ್ಕಿ, ಕೆಲವೆಡೆ ಅದರ ಒಂದು ಭಾಗಕ್ಕೆ ಬದಲಾಗಿ ರಾಗಿ ಅಥವಾ ಜೋಳ.

ಪಡಿತರ ಅಕ್ಕಿಯನ್ನು ಮಾರುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಅದನ್ನು ನಾವು ಸಮರ್ಥಿಸುವುದಿಲ್ಲ. ಚೀಟಿಯೇ ರದ್ದಾದರೆ ನಷ್ಟ ಮನೆಯ ಮಕ್ಕಳಿಗೆ. ಆದರೆ ಅಕ್ಕಿ ಕೊಳ್ಳಲು ಬೀದಿ ಬೀದಿಗೆ ಬರುವ ದಲ್ಲಾಳಿಯನ್ನು ಬಿಟ್ಟು, ಎರಡು ಕಿಲೋ ಅಕ್ಕಿ ಕೊಟ್ಟು ಬೇಳೆ ತಂದ ತಾಯಿಯನ್ನು ಮಾತ್ರ ಕಳ್ಳಿ ಎನ್ನುವುದು ಯಾವ ನ್ಯಾಯ? ಕೊನೆಗೆ ಸರಕಾರವೂ ಈ ಸತ್ಯವನ್ನು ಒಪ್ಪಿಕೊಳ್ಳಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರ ಕಿಟ್ ನೀಡಲು ತೀರ್ಮಾನಿಸಿತು. ಬಡವರ ಮನೆಯ ಅಡುಗೆ ಬರಿಯ ಅಕ್ಕಿಯಿಂದ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಂಗತಿಯಿದೆ. ಚೀಟಿಗೆ ದಕ್ಕದ್ದು ಬೇರೆ ಬಾಗಿಲಲ್ಲಿ ದಕ್ಕುತ್ತದೆ, ಆದರೆ ಆ ಬಾಗಿಲನ್ನು ನಾವು ತಟ್ಟುವುದಿಲ್ಲ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಪಡೆಯುವ ಹಕ್ಕನ್ನು ಇದೇ ಕಾಯ್ದೆ ನೀಡಿದೆ. ಪಟ್ಟಣಗಳ ನಮ್ಮ ಎಷ್ಟೋ ಸಹೋದರಿಯರು ಅಲ್ಲಿ ಹೆಸರನ್ನೇ ಬರೆಸಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟವಿದೆ; 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ನೀಡುವ ವ್ಯವಸ್ಥೆಯೂ ಬಂತು. ಸಾಲ ಮಾಡಿ ಮಗುವನ್ನು ಅನುದಾನರಹಿತ ಶಾಲೆಗೆ ಸೇರಿಸುವಾಗ ಶುಲ್ಕದ ಜೊತೆಗೆ ಈ ಊಟವನ್ನೂ ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ನಾವು ಮಾಡಬೇಕಾದುದು ಸ್ಪಷ್ಟ. ಪ್ರತಿ ಮೊಹಲ್ಲಾದಲ್ಲಿ ಓದು ಬರಹ ಬಲ್ಲ ನಾಲ್ಕು ಯುವಕ ಯುವತಿಯರು ಮುಂದೆ ಬರಲಿ. ಯಾರ ಚೀಟಿಯಲ್ಲಿ ಮಗುವಿನ ಹೆಸರು ಬಿಟ್ಟುಹೋಗಿದೆ, ಯಾರ ಇ-ಕೆವೈಸಿ ಆಗಿಲ್ಲ, ಯಾವ ಗರ್ಭಿಣಿಯ ಹೆಸರು ಅಂಗನವಾಡಿಯಲ್ಲಿಲ್ಲ ಎಂದು ಮನೆ ಮನೆಗೆ ಹೋಗಿ ನೋಡಲಿ. ರಮಝಾನ್ ತಿಂಗಳಲ್ಲಿ ಕಿಟ್ ಹಂಚುವ ಜಮಾಅತ್‌ಗಳೂ ದಾನಿಗಳೂ ಹಂಚುವ ಮೊದಲು ವಿಚಾರಿಸಲಿ. ಅಕ್ಕಿಯಿರುವ ಮನೆಗೆ ಮತ್ತೆ ಅಕ್ಕಿಯ ಮೂಟೆ ಹೊತ್ತೊಯ್ಯುವ ಬದಲು ಬೇಳೆ, ಎಣ್ಣೆ, ಮೊಟ್ಟೆ, ಖಾಲಿಯಾದ ಸಿಲಿಂಡರಿನ ಹಣ ನೀಡಲಿ. ಚೀಟಿಗೆ ದಕ್ಕದ್ದನ್ನು ತುಂಬುವುದೇ ನಿಜವಾದ ನೆರವು.

ಸರಕಾರದಿಂದ ಕೇಳಬೇಕಾದ್ದನ್ನು ಹಕ್ಕಾಗಿ ಕೇಳೋಣ. ನೆರೆಯವನಿಗೆ ಕೊಡಬೇಕಾದ್ದನ್ನು ಅವನ ಮಾನ ಕಾಪಾಡಿ ಕೊಡೋಣ. ಈ ಎರಡನ್ನೂ ಮಾಡದೆ, ಸಾಲಿನಲ್ಲಿ ನಿಂತವರನ್ನು ಸೋಮಾರಿಗಳೆಂದು ಕರೆಯುವ ಅಧಿಕಾರ ನಮಗ್ಯಾರಿಗೂ ಇಲ್ಲ.