ಪಾಪ ಎಂಬ ಎರಡಕ್ಷರ

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಶಾಸನದಲ್ಲಿ ಇರುವುದು 16 ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರುಗಳನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ದಾನ ಕೆಡಿಸಿದವನಿಗೆ ಮಹಾಪಾತಕ ತಟ್ಟುತ್ತದೆಂಬ ಎಚ್ಚರಿಕೆಯೂ ಇದೆ. ಕನ್ನಡ ಕಲ್ಲಿನ ಮೇಲೆ ಕಣ್ಣು ಬಿಟ್ಟ ಕಾಲಕ್ಕೇ ಪಾಪದ ಮಾತು ಬಂದಿತ್ತು. ಮುಂದಿನ ಶಾಸನಗಳು ಇದನ್ನು ಇನ್ನಷ್ಟು ಬೆಳೆಸಿದವು: ದಾನ ಅಳಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿ ಇಲ್ಲದ ಕಾಲದಲ್ಲಿ ಜಮೀನಿಗೆ ಕಾವಲು ನಿಂತದ್ದು ಈ ಶಾಪ. ಪಹಣಿಯಲ್ಲೂ ಹೀಗೊಂದು ಸಾಲು ಇರಬಾರದಿತ್ತೇ ಎಂದು, ಊರಿನಲ್ಲಿ ತುಂಡು ಭೂಮಿ ಬಿಟ್ಟು ಬಂದ ಹೊರನಾಡ ಕನ್ನಡಿಗರಿಗೆ ಅನ್ನಿಸಿದರೆ ತಪ್ಪಿಲ್ಲ.

ಶಾಸನದ ಪಾಪ ಹೊರಗಿನಿಂದ ಹೆದರಿಸುವಂಥದ್ದು. ಅದನ್ನು ಎದೆಯೊಳಕ್ಕೆ ತಂದದ್ದು ಕಾವ್ಯ. ಪಂಪನ ಆದಿಪುರಾಣದಲ್ಲಿ (941) ಬಾಹುಬಲಿ ಅಣ್ಣ ಭರತನನ್ನು ಎತ್ತಿ ಹಿಡಿದು, ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಆಗ ಅವನಿಗೇ ಹೇಸಿಗೆಯಾಗುತ್ತದೆ. ರಾಜ್ಯದಾಸೆ ಅಣ್ಣನದು, ನಾಚಿಕೆ ತಮ್ಮನದು. ಗೆದ್ದವನೇ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಇವತ್ತಿಗೂ ನಿಂತಿದ್ದಾನೆ. ನಾಗಚಂದ್ರನ ರಾಮಾಯಣದಲ್ಲಿ ರಾವಣನೂ ಸೀತೆಯ ದೃಢತೆ ಕಂಡು ಕರಗುತ್ತಾನೆ. ಆದರೆ ಸೋತು ಒಪ್ಪಿಸಲು ಅಭಿಮಾನ ಬಿಡುವುದಿಲ್ಲ. ಯುದ್ಧದಲ್ಲಿ ಗೆದ್ದೇ ಒಪ್ಪಿಸುತ್ತೇನೆಂದು ಹೊರಟವನ ಪಶ್ಚಾತ್ತಾಪ ಹೊತ್ತು ಮೀರಿತ್ತು. ‘ಪಶ್ಚಾತ್’ ಎಂದರೆ ಆಮೇಲೆ, ‘ತಾಪ’ ಎಂದರೆ ಸುಡುವುದು.

ಈ ವಿಷಯದಲ್ಲಿ ಕನ್ನಡದ ಅತಿ ಸೂಕ್ಷ್ಮ ಕೃತಿ ಜನ್ನನ ಯಶೋಧರ ಚರಿತೆ (1209). ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡ ಯಶೋಧರ, ತಾಯಿಗೆ ಅದನ್ನು ನೇರವಾಗಿ ಹೇಳಲಾರದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲಾರೆ ಎಂದು ಮಗ. ಕೊಡಲೇಬೇಕು ಎಂದು ತಾಯಿ. ಕೊನೆಗೆ ಇಬ್ಬರ ಮಾತೂ ಉಳಿಯುವಂತೆ ಹಿಟ್ಟಿನಲ್ಲಿ ಹುಂಜ ಮಾಡಿಸುತ್ತಾರೆ. ಕತ್ತಿ ತಗುಲಿದ ಕೂಡಲೇ ಹಿಟ್ಟಿನ ಹುಂಜ ಕೂಗುತ್ತದೆ. ಯಶೋಧರನ ಎದೆ ಒಡೆಯುವುದು ಆ ಕೂಗಿಗೆ. ರಕ್ತದ ಹನಿಯೂ ಬಿದ್ದಿಲ್ಲ, ಆದರೂ ಕೊಲ್ಲುವ ಸಂಕಲ್ಪ ಆಗಿಹೋಗಿದೆ. ಅದೊಂದಕ್ಕಾಗಿ ತಾಯಿ ಮಗ ಪ್ರಾಣಿಪಕ್ಷಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿ, ತಮ್ಮನ್ನೇ ಬಲಿ ಕೊಡಲು ನಿಂತ ದೊರೆ ಮಾರಿದತ್ತನಿಗೆ ಈ ಕಥೆ ಹೇಳುತ್ತಾರೆ. ಅವನ ಕೈಯ ಕತ್ತಿ ಕೆಳಗಿಳಿಯುತ್ತದೆ. ಹೆಂಡತಿಯ ಪಾಪಕ್ಕಿಂತ ಗಂಡನ ಹಿಟ್ಟಿನ ಹುಂಜವೇ ಕವಿಯನ್ನು ಹೆಚ್ಚು ಕಾಡಿದೆ. ಗಿರೀಶ ಕಾರ್ನಾಡರನ್ನೂ ಅದು ಬಿಡಲಿಲ್ಲ, ‘ಹಿಟ್ಟಿನ ಹುಂಜ’ ಎಂಬ ನಾಟಕವನ್ನೇ ಬರೆಸಿತು.

ಹನ್ನೆರಡನೆಯ ಶತಮಾನದ ಶರಣರು ಪಾಪವನ್ನು ನೀರಿನಲ್ಲಿ ತೊಳೆಯುವ ನಂಬಿಕೆಯನ್ನು ಒಪ್ಪಲಿಲ್ಲ. ಕಲ್ಯಾಣದ ಭಂಡಾರಿಯಾಗಿದ್ದ ಬಸವಣ್ಣ ಲೋಕದ ಡೊಂಕಿಗಿಂತ ಮೊದಲು ತನ್ನ ಮನಸ್ಸಿನ ಡೊಂಕನ್ನೇ ಲೆಕ್ಕಕ್ಕೆ ಹಿಡಿದವನು. ದಾಸರಲ್ಲಿ ಇದೇ ಲೆಕ್ಕ ಅಂಗಡಿಯಿಂದ ಶುರುವಾಗುತ್ತದೆ. ಪುರಂದರದಾಸರು ಮೊದಲು ಜಿಪುಣ ಸಾಹುಕಾರ ಶ್ರೀನಿವಾಸ ನಾಯಕ. ಮಗನ ಉಪನಯನಕ್ಕೆಂದು ಬೇಡಲು ಬಂದ ಬಡ ಬ್ರಾಹ್ಮಣನಿಗೆ ಅವರ ಹೆಂಡತಿ ಮೂಗುತಿ ಬಿಚ್ಚಿ ಕೊಡುತ್ತಾಳೆ. ಅದು ತಿರುಗಿ ಗಂಡನ ಅಂಗಡಿಗೇ ಮಾರಾಟಕ್ಕೆ ಬರುತ್ತದೆ. ಗುರುತು ಹಿಡಿದ ನಾಯಕ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಮೂಗುತಿ ಎಲ್ಲಿ ಎನ್ನುತ್ತಾನೆ. ವಿಷ ಕುಡಿಯಹೊರಟ ಹೆಂಡತಿಯ ಬಟ್ಟಲಿಗೆ ಮೂಗುತಿ ಬೀಳುತ್ತದೆ. ಅಂಗಡಿಯ ಪೆಟ್ಟಿಗೆ ಖಾಲಿ. ಹರಿಕಥೆಯ ದಾಸರು ಈ ಘಟ್ಟ ಬಂದಾಗ ಚಿಟಿಕೆ ನಿಲ್ಲಿಸಿ ಸಭೆಯನ್ನು ನೋಡುತ್ತಾರೆ. ಐತಿಹ್ಯವೋ ಇತಿಹಾಸವೋ ಎಂದು ಆಗ ಯಾರೂ ಕೇಳುವುದಿಲ್ಲ.

ಆಚರಣೆಯಲ್ಲಿ ಒಂದೊಂದು ಮತದ್ದು ಒಂದೊಂದು ದಾರಿ. ಜೈನರಿಗೆ ಪ್ರತಿಕ್ರಮಣವಿದೆ, ಪರ್ವದ ಕೊನೆಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನವಿದೆ. ಕ್ರೈಸ್ತರಲ್ಲಿ ಪಾಪನಿವೇದನೆ, ಕನ್ನಡ ಬೈಬಲ್ ಬಳಸುವ ‘ಮಾನಸಾಂತರ’ ಎಂಬ ಮಾತು ಯಾವ ನಿಘಂಟಿಗೂ ಹೆಮ್ಮೆ ತರುವಂಥದ್ದು. ಮುಸ್ಲಿಮರ ‘ತೌಬಾ’ ಉತ್ತರ ಕರ್ನಾಟಕದ ಸಂತೆಯಲ್ಲಿ ಎಲ್ಲರ ಬಾಯಲ್ಲೂ ‘ತೋಬಾ ತೋಬಾ’ ಆಗಿದೆ. ದೇವಸ್ಥಾನಗಳಲ್ಲಿ ತಪ್ಪುಕಾಣಿಕೆ, ಗಲ್ಲ ಗಲ್ಲ ಬಡಿದುಕೊಳ್ಳುವುದು. ಇವಕ್ಕೆ ವಿವರಣೆ ಬೇಡ.

ಆಧುನಿಕ ಸಾಹಿತ್ಯದ ದೊಡ್ಡ ಉದಾಹರಣೆ ಹುಟ್ಟಿದ್ದು ಕರ್ನಾಟಕದ ಹೊರಗೆ. ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ವನ್ನು (1965) ಬರೆದದ್ದು ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ. ಅಲ್ಲಿ ಕೂತು ಅವರು ಮಲೆನಾಡಿನ ಅಗ್ರಹಾರವನ್ನು ಕಂಡರು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ಪ್ರಾಣೇಶಾಚಾರ್ಯರು ಕಾಡಿನಲ್ಲಿ ನಾರಣಪ್ಪನ ಪ್ರೇಯಸಿ ಚಂದ್ರಿಯನ್ನು ಕೂಡುತ್ತಾರೆ. ಆಮೇಲೆ, ಸೂತಕದಲ್ಲೇ, ಮೇಳಿಗೆ ಜಾತ್ರೆಯ ಊಟದ ಪಂಕ್ತಿಯಲ್ಲಿ ಕೂತವರಿಗೆ ಪ್ರತಿ ಕಣ್ಣೂ ಗುರುತು ಹಿಡಿಯುವ ಕಣ್ಣು. ತಪ್ಪಿಗಿಂತ ಸಿಕ್ಕಿಬೀಳುವ ಅಂಜಿಕೆಯೇ ದೊಡ್ಡದಾಗಿ ಕಾಣುವ ಆ ಪುಟಗಳಷ್ಟು ಪ್ರಾಮಾಣಿಕ ಬರವಣಿಗೆ ಕನ್ನಡದಲ್ಲಿ ವಿರಳ. ಪ್ರಾಯಶ್ಚಿತ್ತದ ತೀರ್ಪನ್ನು ಕಾದಂಬರಿ ಹೇಳುವುದಿಲ್ಲ. ಆಚಾರ್ಯರನ್ನು ಊರಿನ ದಾರಿಯಲ್ಲೇ ಬಿಡುತ್ತದೆ.

ಇಷ್ಟೆಲ್ಲ ಗ್ರಂಥಗಳ ಜೊತೆಗೆ ಅಡುಗೆಮನೆಯ ಕನ್ನಡವೂ ಒಂದಿದೆ. ಅಲ್ಲಿ ಬಿದ್ದು ಮಂಡಿ ತರಚಿಕೊಂಡ ಮಗುವಿಗೂ ‘ಅಯ್ಯೋ ಪಾಪ’, ಜೈಲಿಗೆ ಹೋದವನ ತಾಯಿಗೂ ‘ಪಾಪ’. ಕೆಲವು ಮನೆಗಳಲ್ಲಿ ತೊಟ್ಟಿಲ ಕೂಸಿನ ಹೆಸರೇ ‘ಪಾಪ’, ‘ಪಾಪು’. ದೋಷಕ್ಕೂ ಮರುಕಕ್ಕೂ ಎರಡೇ ಅಕ್ಷರ ಸಾಕಾಗಿದ್ದು ಸಣ್ಣ ಸಂಗತಿಯಲ್ಲ. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ತಪ್ಪುವುದು ಈ ಎರಡನೆಯ ಅರ್ಥ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಲು ಅಜ್ಜಿ ಕಲಿಸಿರುತ್ತಾರೆ. ಮೊಮ್ಮಗು ಕಣ್ಣಿಗೊತ್ತಿಕೊಂಡು ಪುಸ್ತಕಕ್ಕೆ ‘ಸಾರಿ’ ಎನ್ನುತ್ತದೆ. ಅರ್ಧವಾದರೂ ಉಳಿಯಿತಲ್ಲ ಎಂದು ಅಜ್ಜಿ ನಗುತ್ತಾರೆ.

ಉಳಿದರ್ಧಕ್ಕೆ ಗೋವಿನ ಹಾಡಿದೆ. ಕನ್ನಡ ಸಂಘದ ವೇದಿಕೆಗೆ ಇದಕ್ಕಿಂತ ಹೊಂದುವ ಕಥೆಯಿಲ್ಲ: ಹಸುಗಳ ಹಿಂಡಿನಲ್ಲಿ ಎಷ್ಟು ಮಕ್ಕಳಿಗಾದರೂ ಪಾತ್ರವುಂಟು. ಪುಣ್ಯಕೋಟಿಯ ಸತ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಕಥೆಯಲ್ಲಿ ಬದಲಾಗುವ ಜೀವ ಅರ್ಬುತನೆಂಬ ಹುಲಿ. ಹಸಿದ ಹೊಟ್ಟೆಯಲ್ಲೇ ನಾಚಿ, ಮೇಲಕ್ಕೆ ಹಾರಿ ಪ್ರಾಣ ಬಿಟ್ಟದ್ದು ಅದು. ಮಕ್ಕಳು ಅಳುತ್ತಾರೆಂದು ಹುಲಿಯನ್ನು ಬದುಕಿಸಿ, ಎಲ್ಲರನ್ನೂ ಕುಣಿಸಿ ಪರದೆ ಎಳೆಯೋಣ ಎಂದು ನಾಟಕ ಮಾಡಿಸುವವರಿಗೆ ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ. ಮುಂದಿನ ವಾರ್ಷಿಕೋತ್ಸವದಲ್ಲಿ ಹುಲಿ ಹಾರಲಿ, ಎದುರು ಕೂತ ಮಕ್ಕಳು ‘ಅಯ್ಯೋ ಪಾಪ’ ಎನ್ನಲಿ. ವೇದಿಕೆಯ ಕೆಳಗೆ ಎರಡು ಹಾಸಿಗೆ ಹಾಸಿಡುವ ಹೊಣೆ ಸಂಘದ ಪದಾಧಿಕಾರಿಗಳದು.