ಒಂಬತ್ತು ಹಿಡಿಯುವ ತಪ್ಪು, ಒಂಬತ್ತು ಬಿಡುವ ತಪ್ಪು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿಂದ ಕೇಳ್ತಾ ಇದ್ರೂ ಸರಿ, ಇವತ್ತು ಒಂದು ದೊಡ್ಡ ಸಂಖ್ಯೆ ನೋಡೋಣ.

1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು. ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಅವರ ಮುಂದೆ 13 ಅಂಕಿಗಳ ಎರಡು ಸಂಖ್ಯೆ ಇಟ್ಟರು: 7,686,369,774,870 ಮತ್ತು 2,465,099,745,779. ಗುಣಿಸಿ ಅಂದ್ರು. 28 ಸೆಕೆಂಡಿನಲ್ಲಿ ಅವರು ಉತ್ತರ ಕೊಟ್ಟರು: 18,947,668,177,995,426,462,773,730. ಎಣಿಸಿದ್ರೆ 26 ಅಂಕಿ!

ಅವರ ಥರ ಗುಣಿಸೋದು ನಮ್ಮ ಕೈಲಾಗಲ್ಲ. ಆದ್ರೆ ಪರೀಕ್ಷೆ ಮಾಡೋದು ಆಗುತ್ತೆ. ಮೊದಲ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ: 78. ಮತ್ತೆ ಕೂಡಿ: 15, ಆಮೇಲೆ 6. ಎರಡನೆಯದು 74, 11, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದ್ರೆ 3. ಈಗ ಉತ್ತರದ 26 ಅಂಕಿ ಕೂಡಿ: 138, 12, 3. ತಾಳೆ ಆಯ್ತು!

ಯಾಕೆ ಹೀಗೆ? ನೂರು ರೂಪಾಯಿನ ಒಂಬತ್ತು ಜನಕ್ಕೆ ಹಂಚಿ. ತಲಾ 11, ಉಳಿಯೋದು 1. ಸಾವಿರ ಹಂಚಿದ್ರೂ ಉಳಿಯೋದು 1. ಹತ್ತು, ಲಕ್ಷ, ಕೋಟಿ, ಎಲ್ಲಕ್ಕೂ ಅಷ್ಟೇ. ಹಾಗಾಗಿ ಅಂಕಿ ಯಾವ ಸ್ಥಾನದಲ್ಲಿದ್ರೂ ಒಂಬತ್ತರ ಲೆಕ್ಕದಲ್ಲಿ ಅದರ ಬೆಲೆ ಒಂದೇ.

ಆದ್ರೆ ಒಂದು ಮಾತು. ತಾಳೆ ಆಗದಿದ್ರೆ ಉತ್ತರ ಖಂಡಿತ ತಪ್ಪು. ತಾಳೆ ಆದ ಮಾತ್ರಕ್ಕೆ ಖಂಡಿತ ಸರಿ ಅಲ್ಲ. ಸ್ಥಾನ ಲೆಕ್ಕಕ್ಕೇ ಬರಲ್ಲ ಅಂದ ಮೇಲೆ, ಅಂಕಿಗಳು ಅದಲು ಬದಲಾದ್ರೆ ಈ ಪರೀಕ್ಷೆಗೆ ಗೊತ್ತಾಗಲ್ಲ.

ಇದು ನನಗೆ ಮನೇಲೇ ಗೊತ್ತಾಯ್ತು. ಅಪ್ಪ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ್ರು. ಫೋನ್‌ನಲ್ಲಿ ಲೆಕ್ಕ ಬರೆದಿಟ್ಟವನು ನಾನು: 43,160. ಅಕೌಂಟಿಗೆ ಬಂದದ್ದು 41,360. 1,800 ರೂಪಾಯಿ ಕಮ್ಮಿ! ವರ್ಷಗಳಿಂದ ನಮ್ಮ ಗೂಡು ತಗೊಳ್ಳೋ ರೀಲರ್ ಮೇಲೆ ಅಪ್ಪನಿಗೆ ಅನುಮಾನ ಹುಟ್ಟಿಸಿದವನೂ ನಾನೇ. ಅಪ್ಪ ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ಟಿದ್ರು.

ಆಗ ಬಿಕಾಂನಲ್ಲಿ ಕಲಿತದ್ದು ನೆನಪಾಯ್ತು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೆ, ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗ ಆದ್ರೆ, ಮೊದಲು ಅಂಕಿ ಅದಲು ಬದಲಾಗಿದೆಯಾ ನೋಡು ಅಂತ. 1,800 ಅಂದ್ರೆ ಒಂಬತ್ತು ಇನ್ನೂರ್ಲಿ! ಚೀಟಿ ತೆಗೆದು ನೋಡಿದ್ರೆ 41,360 ಅಂತಲೇ ಇದೆ. 1 ಮತ್ತು 3 ಅದಲು ಬದಲು ಮಾಡಿದ್ದು ನನ್ನ ಹೆಬ್ಬೆರಳು.

"ಅಪ್ಪಾ, ತಪ್ಪು ನನ್ನದೇ" ಅಂದೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, "ಇನ್ಮೇಲೆ ಚೀಟಿ ಫೋಟೋ ತೆಗೆದಿಡು" ಅಂದ್ರು.

ನೀವೂ ಅಷ್ಟೇ. ಲೆಕ್ಕ ತಾಳೆ ಆಗದಿದ್ರೆ, ಯಾರ ಮೇಲಾದ್ರೂ ಕೂಗಾಡೋಕೆ ಮುಂಚೆ ವ್ಯತ್ಯಾಸನ ಒಂಬತ್ತರಿಂದ ಭಾಗಿಸಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.